ಭಾವನ ಲೈಸೆನ್ಸು, ಭಾಮೈದನ ಬೀಗ

"ಲೈಸೆನ್ಸ್ ಅಂದ್ರೆ ಲೈಸೆನ್ಸೇ ಕಣೋ! ನನ್ನದಕ್ಕೇನು ಬೂಷ್ಟು ಹಿಡಿದಿದೆಯಾ?" ಎನ್ನುತ್ತ ಭಾವ ಹಾರೆಯನ್ನು ನೆಲಕ್ಕೆ ಕುಟ್ಟಿದ.

"ನಿಮ್ಮದು ಕಟ್ಟಡದ್ದು ಭಾವ. ಗೋಡೆ ಎಬ್ಬಿಸಿ, ತಾರಸಿ ಹಾಕಿ, ಯಾರು ಬೇಡ ಅಂದ್ರು? ನಲ್ಲಿ ಕೆಲಸಕ್ಕೆ ಬೇರೆ ಲೈಸೆನ್ಸು, ಕರೆಂಟಿಗೆ ಬೇರೆ. ಕರೆಂಟಿನದು ಇರೋದು ನನ್ನ ಹತ್ರ. ಈ ವೈರಿಂಗ್ ನಾನು ಮಾಡಿದ್ದಲ್ಲ. ಬೀಗ ತೆಗೆಯಲ್ಲ."

ಭಾಮೈದ ಮೀಟರ್ ಡಬ್ಬಿಗೆ ಬೆನ್ನು ಕೊಟ್ಟು ನಿಂತಿದ್ದ. ದುಡ್ಡು ಉಳಿಸಲು ಭಾವನ ಗಾರೆಯವರೇ ವೈರು ಎಳೆದು, ಅರ್ತಿಂಗ್ ತಂತಿಯನ್ನು ನೀರಿನ ಪೈಪಿಗೆ ಸುತ್ತಿಬಿಟ್ಟಿದ್ದರು. ಬೆಳಿಗ್ಗೆ ನಲ್ಲಿ ಮುಟ್ಟಿದ ಗಾರೆಯವನೊಬ್ಬ ಮಾರುದ್ದ ಎಗರಿ ಬಿದ್ದು ಆಸ್ಪತ್ರೆ ಸೇರಿದ್ದ. ಆಗಲೇ ಭಾಮೈದನನ್ನು ಕರೆಸಿದ್ದು. ಅವನು ಬಂದವನೇ ಮೇನ್ ಸ್ವಿಚ್ ಇಳಿಸಿ, ಡಬ್ಬಿಗೆ ತನ್ನ ಬೀಗ ಜಡಿದಿದ್ದ. ಹಾಕಿದವನೇ ತೆಗೆಯಬೇಕು, ಅವರ ಕಸುಬಿನಲ್ಲಿ ಅದಕ್ಕೆ ಎರಡು ಮಾತಿಲ್ಲ. ಸಂಜೆ ಮನೆ ಕಟ್ಟಿಸುತ್ತಿದ್ದವರು ಮಕ್ಕಳುಮರಿ ಕಟ್ಟಿಕೊಂಡು ಬರುವವರಿದ್ದರು. ದೀಪ ಉರಿಯದಿದ್ದರೆ ಭಾವನ ಮಾನ ಮೂರಾಬಟ್ಟೆ. ಬೀಗ ಒಡೆದ ಗುರುತು ಕಂಡರೂ ಅಷ್ಟೇ.

"ಕೀ ಕೊಡ್ತೀಯೋ ಇಲ್ವೋ?"

"ಸತ್ತರೂ ಇಲ್ಲ."

ಭಾವನ ಮುಷ್ಟಿ ಅವನ ಮೂಗಿಗೆ ಅಪ್ಪಳಿಸಿತು. ಬಿಸಿ ರಕ್ತ ಬಾಯಿಗಿಳಿಯಿತು. ಭಾಮೈದ ತಲೆ ಬಗ್ಗಿಸಿ ಭಾವನ ದವಡೆಗೆ ಗುದ್ದಿದ. ಹಲ್ಲೊಂದು ಸಿಮೆಂಟಿನ ಧೂಳಿಗೆ ಉದುರಿತು. ಆಮೇಲೆ ಹಾರೆ ಬೀಸಿ ಬಂತು. ಭಾಮೈದನ ಮುಂಗೈ ಮೂಳೆ ಒಣಕಡ್ಡಿಯಂತೆ ಲಟಕ್ಕೆಂದಿತು. ಕಣ್ಣು ಕತ್ತಲೆ ಬಂದರೂ ಅವನು ಇನ್ನೊಂದು ಕೈಯಿಂದ ಜೇಬು ತಡಕಿ, ಕೀಯನ್ನು ಬಾಗಿಲಾಚೆಗೆ ಎಸೆದ. ಅಲ್ಲಿ ಅವನ ಅಕ್ಕ ಮೆಟ್ಟಿಲಿಗೆ ಆಗತಾನೇ ಹಾಕಿದ ಕಾಂಕ್ರೀಟನ್ನು ಕರಣೆಯಿಂದ ನಯ ಮಾಡುತ್ತಿದ್ದಳು. ಕೀ ಅವಳ ಮುಂದೆಯೇ ಪಚಕ್ಕೆಂದು ಬಿದ್ದು ಅರ್ಧ ಹೂತುಕೊಂಡಿತು.

"ರೀ! ಅವನ ಕೈ ಮುರಿದುಬಿಟ್ರಲ್ರೀ!"

"ನಿನ್ನ ತಮ್ಮ ನನ್ನ ಹೊಟ್ಟೆ ಮೇಲೆ ಹೊಡೀತಿದ್ದಾನೆ, ಅದು ಕಾಣ್ಸಲ್ವಾ ನಿಂಗೆ? ಆ ಕೀ ಎತ್ತಿ ಕೊಡು ಮೊದಲು!"

"ಕೊಡ್ತೀನಿ. ಮೇನ್ ಹಾಕಿದ ಮೇಲೆ ಆ ನಲ್ಲೀನ ಮೊದಲು ನೀವು ಹಿಡ್ಕೋತೀರಾ?"

ಭಾವ ಬಾಯಿಯ ರಕ್ತ ಉಗುಳಿದ. ನಲ್ಲಿಯ ಕಡೆ ನೋಡಿದ. ಹಾರೆ ಕೈಯಲ್ಲೇ ಇತ್ತು, ಕಾಲು ಮಾತ್ರ ಕದಲಲಿಲ್ಲ.

ಅಕ್ಕ ಕರಣೆಯ ತುದಿಯಿಂದ ಕೀಯನ್ನು ಪೂರ್ತಿ ಒಳಗೊತ್ತಿ, ಮೇಲೆ ಒಂದಿಷ್ಟು ಗಾರೆ ಎಳೆದು, ಗುರುತು ಕಾಣದಂತೆ ಸವರಿದಳು.