ಅಶ್ವತ್ಥಮ್ಮನ ಬಣ್ಣ

ಜಂಗಮಕೋಟೆಯ ಅಶ್ವತ್ಥಮ್ಮನ ಮನೆಯಲ್ಲಿ, ನಡುಮನೆಯ ಗೋಡೆಯ ಮೇಲೆ ಒಂದು ಮದುವೆ ಫೋಟೊ ಇದೆ. ಅದರಲ್ಲಿ ಗಂಡ ಮುನಿನಾರಾಯಣಪ್ಪ ಇದ್ದಾರೆ, ಅವರ ಪಕ್ಕದಲ್ಲಿ ಯಾರೋ ಒಬ್ಬಳು ಹೆಂಗಸಿದ್ದಾಳೆ. ಯಾರೋ ಎಂದೆನೆಂದು ತಪ್ಪು ತಿಳಿಯಬಾರದು, ಆಕೆ ಅಶ್ವತ್ಥಮ್ಮನೇ. ಮದುವೆಯಾದ ಹೊಸದರಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ತೆಗೆಸಿಕೊಂಡ ಕಪ್ಪು ಬಿಳುಪಿನ ಚಿತ್ರಕ್ಕೆ ಸ್ಟುಡಿಯೊದವನು ಕುಂಚ ಹಿಡಿದು ಬಣ್ಣ ತುಂಬಿದ್ದ. ಸೀರೆಗೆ ಹಸಿರು, ಹೂವಿಗೆ ಕೆಂಪು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆ ಪುಣ್ಯಾತ್ಮ ಮದುಮಗಳ ಮುಖಕ್ಕೂ ಕೈಹಾಕಿದ. ಕೆನ್ನೆಗೆ ಗುಲಾಬಿ, ಹಣೆಗೆ ಹಾಲಿನ ಕೆನೆ ಬಳಿದು ಬೇರೆ ಒಬ್ಬಳನ್ನೇ ಮಾಡಿ ಕೊಟ್ಟ. ಮದುಮಗನನ್ನು ಮಾತ್ರ ಇದ್ದ ಹಾಗೇ ಬಿಟ್ಟ. ಗಂಡಸಿನ ಬಣ್ಣ ಯಾರಿಗೆ ಬೇಕಾಗಿತ್ತು?

ಮಗಳು ಸಂಘಮಿತ್ರ ಸಣ್ಣವಳಿದ್ದಾಗ ಒಂದು ದಿನ ಗೋಡೆಗೆ ಬೆರಳು ತೋರಿಸಿ, "ಅಮ್ಮಾ, ಅಪ್ಪನ ಪಕ್ಕ ಕೂತಿರೋ ಆ ಆಂಟಿ ಯಾರು?" ಎಂದು ಕೇಳಿದಳು. ಮುನಿನಾರಾಯಣಪ್ಪ ಬಿದ್ದು ಬಿದ್ದು ನಕ್ಕರು. ಅಶ್ವತ್ಥಮ್ಮನೂ ನಕ್ಕಳು. ಆದರೆ ಅವತ್ತಿನಿಂದ ಆ ಫೋಟೊದ ಧೂಳು ಒರೆಸುವಾಗ ಅವಳ ಕೈ ಗಂಡನ ಕಡೆಯ ಅರ್ಧವನ್ನು ಮಾತ್ರ ಒರೆಸಿ ಬಂದುಬಿಡುತ್ತಿತ್ತು.

ಆ ಫೋಟೊ ತೆಗೆಸಿದ ದಿನ ಸ್ಟುಡಿಯೊಗೆ ಅವಳ ತಾಯಿ ಅಮ್ಮಾಜಮ್ಮನೂ ಜೊತೆಗೆ ಬಂದಿದ್ದಳು. ಅಳಿಯ ಎಷ್ಟು ಕರೆದರೂ ಒಳಗೆ ಬರಲಿಲ್ಲ. "ನನ್ನದೇನು ತೆಗೀತಾರೆ ಬಿಡಪ್ಪ, ಬರೀ ಕಪ್ಪು ಬರ್ತದೆ" ಎಂದು ಹೊರಗಿನ ಬೆಂಚಿನ ಮೇಲೇ ಕೂತುಬಿಟ್ಟಳು. ಅದಾದ ಮೇಲೆ ಫೋಟೊದ ಮಾತೇ ಬರಲಿಲ್ಲ, ಮೊಮ್ಮಗಳು ಹುಟ್ಟುವ ಮೊದಲೇ ಒಂದು ಮಳೆಗಾಲದಲ್ಲಿ ಜ್ವರ ಬಂದು ಆಕೆ ಹೋಗಿಯೇಬಿಟ್ಟಳು. ಈಗ ಅಶ್ವತ್ಥಮ್ಮನಿಗೆ ಅಮ್ಮನ ಧ್ವನಿ ನೆನಪಿದೆ, ಹಿಪ್ಪುನೇರಳೆ ಸೊಪ್ಪಿನ ಕಲೆ ಅಂಟಿದ ಬೆರಳು ನೆನಪಿದೆ. ಮುಖ ಮಾತ್ರ ಬರುವುದಿಲ್ಲ. ಹೆತ್ತ ತಾಯಿಯ ಮುಖ ಮರೆತೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಅದನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು.

ಸಂಘಮಿತ್ರ ಈಗ ಚಿಂತಾಮಣಿಯಲ್ಲಿ ಕಾಲೇಜು ಮೇಡಂ. ಪಾಠ ಮಾಡುವುದು ಹೊಟ್ಟೆಪಾಡು, ಸಿನಿಮಾ ಅವಳ ಹುಚ್ಚು. ಮನೆಯಲ್ಲಿ ಸಾಕಿದ ರೇಷ್ಮೆ ಹುಳು ಹಣ್ಣಾಗುವ ದಿನ ಒಬ್ಬ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾಳೆ ಎಂದು ಒಂದು ಕಿರುಚಿತ್ರ ತೆಗೆಯಬೇಕು, ಮಾತೇ ಇರಬಾರದು, ಬೆಳಕು ಬಣ್ಣಗಳೇ ಎಲ್ಲ ಹೇಳಬೇಕು ಎಂದು ಅವಳ ಆಸೆ. ಆ ಹೆಂಗಸು ಯಾರು ಎಂದು ಕೇಳಬೇಕಾಗಿಯೇ ಇರಲಿಲ್ಲ.

"ಒಂದು ಮಾತು" ಎಂದಳು ಅಶ್ವತ್ಥಮ್ಮ. "ಗೋಡೆ ಮೇಲಿನವಳ ತರ ಮಾಡೋದಾದ್ರೆ ನಾನು ಬರಲ್ಲ. ಒಂದು ಸಲನಾದ್ರೂ ನನ್ನ ಬಣ್ಣದಲ್ಲಿ ನನ್ನ ನೋಡಬೇಕು ಕಣೇ."

"ಕನ್ನಡಿ ಇದೆಯಲ್ಲಮ್ಮ."

"ಕನ್ನಡೀಲಿ ನಾನೊಬ್ಬಳೇ ನೋಡ್ಕೊಳ್ತೀನಿ. ಗೋಡೆ ಮೇಲೆ ಬಂದೋರೆಲ್ಲ ನೋಡ್ತಾರೆ."

ಮಗಳು ತಾಯಿಯ ಕೈ ಹಿಡಿದು ಒಪ್ಪಿದಳು.

ಕ್ಯಾಮೆರಾ ಹಿಡಿಯಲು ಗೌರಿಬಿದನೂರಿನಿಂದ ಅಂಬರೀಶ ಬಂದ. ಸಂಘಮಿತ್ರಳ ಜೊತೆ ಡಿಗ್ರಿ ಓದಿದವನು, ಮದುವೆ ವಿಡಿಯೊ ತೆಗೆದು ಹೆಸರು ಮಾಡಿದವನು, ಬಾಯ್ತುಂಬ ಮಾತಾಡುವವನು. ಮೊದಲ ದಿನ ಅಡುಗೆಮನೆಯಲ್ಲಿ ಅಶ್ವತ್ಥಮ್ಮ ಮುದ್ದೆ ಕಟ್ಟುವುದನ್ನು ತೆಗೆಯಬೇಕಿತ್ತು. ಅವಳು ಹಳೇ ಅಭ್ಯಾಸದಿಂದ ಮುಖಕ್ಕೆ ಒಂದಿಷ್ಟು ಪೌಡರು ಹಾಕಿಕೊಂಡಿದ್ದಳು. ಅವನು ದೊಡ್ಡ ದೀಪವೊಂದನ್ನು ಮುಖದೆದುರಿಗೇ ನಿಲ್ಲಿಸಿ, ಕ್ಯಾಮೆರಾದಲ್ಲಿ ಏನನ್ನೋ ತಿರುಗಿಸಿ, "ಸೂಪರಾಗಿ ಬರ್ತಿದೆ ಆಂಟಿ, ನೋಡ್ತೀರಾ?" ಎಂದು ಪುಟ್ಟ ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

ಅದರೊಳಗೆ ಗೋಡೆ ಮೇಲಿನವಳು ವಯಸ್ಸಾಗಿ ಕೂತು ಮುದ್ದೆ ಕಟ್ಟುತ್ತಿದ್ದಳು.

ಅಶ್ವತ್ಥಮ್ಮ ಕೈ ತೊಳೆದು ಎದ್ದು ಹುಳುಮನೆಗೆ ಹೋಗಿ ಸೊಪ್ಪು ಹಾಕತೊಡಗಿದಳು. ಸಂಘಮಿತ್ರ ಗೆಳೆಯನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಪಾಪ, ಹುಡುಗ ಕೆಟ್ಟವನಲ್ಲ. ಹುಳುಮನೆ ಬಾಗಿಲಿಗೆ ಬಂದು ನಿಂತು ತಲೆ ಕೆರೆದುಕೊಂಡ.

"ಅಭ್ಯಾಸ ಆಗೋಗಿದೆ ಆಂಟಿ. ಹುಡುಗಿ ಬೆಳ್ಳಗೆ ಕಾಣ್ದಿದ್ರೆ ಮದುವೆಮನೆಯವರು ಆಲ್ಬಮ್ಮೇ ತಗೊಳಲ್ಲ. ಕೈ ತಾನಾಗೇ ಅಲ್ಲಿಗೆ ಹೋಗ್ತದೆ."

"ನಿನ್ನ ತಪ್ಪಲ್ಲ ಬಿಡಪ್ಪ" ಎಂದಳು ಅವಳು. ಕೋಪ ಇಳಿದಿರಲಿಲ್ಲ, ಆದರೆ ಅವನ ಮುಖ ನೋಡಿ ಕರುಳು ಚುರ್ ಎಂದಿತು. "ಊಟ ಮಾಡಿದ್ಯಾ?"

ಊಟಕ್ಕೆ ಕೂತಾಗ ಅವನು ಸಿನಿಮಾದ ಬಣ್ಣಗಳ ಬಗ್ಗೆ ಉತ್ಸಾಹದಿಂದ ಹೇಳಿದ. ನೀಲಿ ಹಾಕಿದರೆ ನೋಡುವವರ ಮನಸ್ಸಿಗೆ ಒಂಟಿತನ ಬರುತ್ತದೆ, ಹಳದಿ ಹಾಕಿದರೆ ಮನೆಯ ಬೆಚ್ಚನೆ ಭಾವ, ಕೆಂಪು ಹಾಕಿದರೆ ಏನೋ ಆಗಿಬಿಡುತ್ತದೆ ಎಂಬ ಭಯ. ಬೆಳಕು ಕೆಳಗಿಂದ ಬಿದ್ದರೆ ಒಳ್ಳೆಯವನೂ ಕಳ್ಳನ ಹಾಗೆ ಕಾಣುತ್ತಾನೆ. ಅಶ್ವತ್ಥಮ್ಮ ಗಮನವಿಟ್ಟು ಕೇಳಿದಳು, ಸಾರು ಬಡಿಸಿದಳು.

"ದುಃಖಾನೂ ಇಲ್ದೆ, ಭಯಾನೂ ಇಲ್ದೆ, ನನ್ನ ಪಾಡಿಗೆ ನಾನು ಕೆಲಸ ಮಾಡ್ತಿರ್ತೀನಲ್ಲ, ಆವಾಗ ಯಾವ ಬಣ್ಣ?" ಎಂದು ಕೇಳಿದಳು.

ಅಂಬರೀಶ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. "ಏನಪ್ಪಾ, ನಿಮ್ಮ ಆಂಟಿ ಪರೀಕ್ಷೆ ಇಟ್ಟುಬಿಟ್ಲಾ?" ಎಂದು ಮುನಿನಾರಾಯಣಪ್ಪ ಅವನ ಬೆನ್ನು ತಟ್ಟಿದರು. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಹೆಂಡತಿಯನ್ನು ರೇಗಿಸುವುದೇ ಅವರಿಗೆ ಪೂರ್ಣಾವಧಿಯ ಕೆಲಸ.

ಇನ್ನು ಉಳಿದಿದ್ದು ಮುಖ್ಯವಾದ ಒಂದೇ ದೃಶ್ಯ. ಹುಳು ಹಣ್ಣಾಗುವುದು ಬೆಳೆಗೆ ಒಂದೇ ಸಲ. ಅವು ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕತೊಡಗಿದರೆ ಕಾಯುವ ಹಾಗಿಲ್ಲ. ಮುಂದಿನ ಬೆಳೆಯ ಹೊತ್ತಿಗೆ ಮದುವೆಗಳ ಕಾಲ, ಅಂಬರೀಶ ಕೈಗೆ ಸಿಗುವುದಿಲ್ಲ. ಅದಕ್ಕೇ ಸಂಘಮಿತ್ರ ಅವನ ಫೋನಿಗೆ ಮೊದಲೇ ದೃಶ್ಯ ಬರೆದು ಕಳಿಸಿದ್ದಳು: "ಚಂದ್ರಿಕೆಯಲ್ಲಿ ಅಮ್ಮ ಹುಳು ಬಿಡುತ್ತಾಳೆ. ಮುಖದಲ್ಲಿ ನೆಮ್ಮದಿ."

ಕೊನೆಗೊಂದು ಬೆಳಗ್ಗೆ ಹುಳು ಹಣ್ಣಾದವು. ಸಂಘಮಿತ್ರ ಅಪ್ಪನ ಜೊತೆ ಹುಳುವಿದ್ದ ತಟ್ಟೆಗಳನ್ನು ಇಳಿಸುತ್ತಿದ್ದಳು. ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡು ಹಣ್ಣು ಹುಳು ಆಯುತ್ತಿದ್ದಳು, ಪೌಡರಿನ ನೆನಪು ಯಾರಿಗಿರುತ್ತದೆ? ಅಂಬರೀಶ ಒಬ್ಬನೇ ಪಕ್ಕದ ಕೋಣೆ ಸೇರಿ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಗುಟ್ಟಾಗಿ ಏನೋ ಸಿದ್ಧತೆ ನಡೆಸಿದ್ದ. ಬುಟ್ಟಿ ತುಂಬುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ.

"ಚಂದ್ರಿಕೆ ರೆಡಿ ಆಂಟಿ. ಬನ್ನಿ."

"ನೀನೇ ತಂದಿಟ್ಯಾ? ಒಳ್ಳೇದಾಯ್ತು ಕಣಪ್ಪ" ಎಂದು ಅಶ್ವತ್ಥಮ್ಮ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಕೋಣೆ ಕತ್ತಲು. ಮೂಲೆಯಿಂದ ತಣ್ಣನೆಯ ನೀಲಿ ಬೆಳಕು ಬರುತ್ತಿತ್ತು. ಅವಳು ಗೋಡೆ ನೋಡಿದಳು, ಮೂಲೆ ನೋಡಿದಳು.

"ಎಲ್ಲಪ್ಪ ಚಂದ್ರಿಕೆ?"

ಅಂಬರೀಶ ಹೆಮ್ಮೆಯಿಂದ ನೀಲಿ ಹಾಳೆ ಅಂಟಿಸಿದ್ದ ದೀಪವನ್ನು ತೋರಿಸಿದ. "ಇದೇ ಆಂಟಿ. ಬೆಳದಿಂಗಳು. ಹುಣ್ಣಿಮೆ ತರಾನೇ ಇದೆ ನೋಡಿ."

ಬಾಗಿಲಲ್ಲಿ ನಿಂತಿದ್ದ ಸಂಘಮಿತ್ರ ಹಣೆ ಚಚ್ಚಿಕೊಂಡಳು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ, ಒಳಗೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ ಹೆಣೆದ ಆ ದೊಡ್ಡ ಚಾಪೆಗೆ, ಈ ಕಡೆ ಹುಟ್ಟಿದ ಮಗುವೂ ಚಂದ್ರಿಕೆ ಎನ್ನುತ್ತದೆ. ಅಂಬರೀಶನ ಮನೆಯಲ್ಲಿ ಯಾರೂ ಹುಳು ಸಾಕಿದವರಲ್ಲ. ಅವನು ಚಂದ್ರಿಕೆಯನ್ನು ಕಂಡದ್ದು ಶಾಲೆಯ ಕನ್ನಡ ಪದ್ಯದಲ್ಲಿ ಮಾತ್ರ. ಹಟ್ಟಹಗಲಲ್ಲಿ ಅಷ್ಟು ಕಷ್ಟಪಟ್ಟು ಚಂದ್ರನನ್ನು ಹುಟ್ಟಿಸಿದ್ದ.

"ಚಂದ್ರನ ಮೇಲೆ ಹುಳ ಬಿಡೋಕೆ ಏಣಿ ಬೇಕಾಗ್ತದಲ್ಲೇ ಅಶ್ವತ್ಥಾ" ಎಂದರು ಮುನಿನಾರಾಯಣಪ್ಪ.

ಅಶ್ವತ್ಥಮ್ಮನಿಗೆ ನಗು ತಡೆಯಲಾಗಲಿಲ್ಲ. ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಬರೀಶನೂ ಮೊದಲು ಪೆಚ್ಚಾಗಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಹುಳುಗಳಿಗೆ ನಗೆಯ ಹಂಗಿಲ್ಲ. ಅವು ಬುಟ್ಟಿಯ ಅಂಚಿಗೆ ಹತ್ತತೊಡಗಿದ್ದವು.

"ಎಲ್ಲಾ ಆರಿಸಪ್ಪ" ಎಂದಳು ಅವಳು, ಕಣ್ಣೊರೆಸಿಕೊಂಡು. "ಜೋರು ದೀಪ ಬಿದ್ರೆ ಇವು ಕತ್ತಲು ಹುಡುಕ್ಕೊಂಡು ಒಂದೇ ಕಡೆ ಗುಂಪಾಗ್ತವೆ. ಜಗಲೀಲಿ ಹಗಲು ಬೆಳಕಲ್ಲೇ ಬಿಡಬೇಕು."

ಜಗಲಿಯಲ್ಲಿ ಚಂದ್ರಿಕೆಗಳನ್ನು ಓರೆಯಾಗಿ ನಿಲ್ಲಿಸಿದರು. ದೀಪ ಬೇಡವೆಂದರೆ ಈ ಹುಡುಗನ ಕೈ ಕಟ್ಟಿದಂತೆಯೇ, ಚಿತ್ರ ಕೆಟ್ಟಿತು ಎಂದುಕೊಂಡಳು ಅಶ್ವತ್ಥಮ್ಮ. ಆದರೆ ಅವನು ಸುಮ್ಮನೆ ನಿಂತು ಅತ್ತಿತ್ತ ನೋಡಿದ. ಅವಳ ಹಿಂದೆ ಸುಣ್ಣದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಅವನು ಓಡಿಹೋಗಿ ಕಿಟಕಿಗೆ ಕಟ್ಟಿದ್ದ ಕಪ್ಪು ಬಟ್ಟೆಯನ್ನು ಬಿಚ್ಚಿ ತಂದು ಆ ಗೋಡೆಯ ಮೇಲೆ ಇಳಿಬಿಟ್ಟ.

"ಇದ್ಯಾಕಪ್ಪ?"

"ಗೋಡೆ ನಿಮಗಿಂತ ಜಾಸ್ತಿ ಮೆರೀತಿದೆ ಆಂಟಿ, ಅದರ ಮುಂದೆ ನಿಮ್ಮ ಮುಖ ಬರೀ ನೆರಳಾಗ್ತದೆ. ಅದನ್ನ ಮುಚ್ಚಿದ್ರೆ ನಿಮ್ಮನ್ನ ಬೆಳ್ಳಗೆ ಮಾಡೋ ಅಗತ್ಯಾನೇ ಇಲ್ಲ" ಎಂದು ಅವನು ಕ್ಯಾಮೆರಾದ ಹಿಂದೆ ಕೂತ.

ಅದು ಅರ್ಥವಾಗಲು ಅವಳಿಗೆ ಬಿಡುವಿರಲಿಲ್ಲ. ಹಿಡಿ ಹಿಡಿ ಹುಳುಗಳನ್ನು ಬಿದಿರಿನ ಸುರುಳಿಗಳ ಮೇಲೆ ಉದುರಿಸುತ್ತ, ದಟ್ಟವಾದಲ್ಲಿ ಬೆರಳಿಂದ ಬಿಡಿಸುತ್ತ ಹೋದಳು. ನಡುನಡುವೆ ಬೆಳದಿಂಗಳು ನೆನಪಾಗಿ ನಗು ಬರುತ್ತಿತ್ತು. ಕ್ಯಾಮೆರಾ ಇದೆ ಎಂಬುದೂ ಮರೆತುಹೋಯಿತು.

ಮುಂದಿನ ಭಾನುವಾರ ಸಂಜೆ ಅಂಬರೀಶ ಸಿದ್ಧವಾದ ಚಿತ್ರ ತಂದು ನಡುಮನೆಯ ಟಿವಿಗೆ ಜೋಡಿಸಿದ. ಟಿವಿ ಇರುವುದು ಮದುವೆ ಫೋಟೊದ ಕೆಳಗೇ. ಅಶ್ವತ್ಥಮ್ಮ ಚಾಪೆಯ ಮೇಲೆ ಕೂತಳು. ಮಗಳು ಒಪ್ಪಿದ್ದಾಳೆ ನಿಜ, ಹುಡುಗನೂ ಒಳ್ಳೆಯವನು. ಆದರೂ ಬಣ್ಣದ ಡಬ್ಬಿ ಕೈಗೆ ಸಿಕ್ಕಮೇಲೆ ಯಾರನ್ನು ನಂಬುವುದು ಎಂದು ಅವಳಿಗೆ ಗೊತ್ತಿರಲಿಲ್ಲ.

"ನೀಲಿ, ಹಳದಿ ಏನೂ ಹಾಕಿಲ್ಲ ಆಂಟಿ" ಎಂದ ಅಂಬರೀಶ ಮೆಲ್ಲಗೆ. "ನೀವು ಕೇಳಿದ್ರಲ್ಲ, ಆ ಬಣ್ಣ."

ಪರದೆಯ ಮೇಲೆ ಜಗಲಿ ಬಂತು. ಹಿಂದೆಲ್ಲ ಕಪ್ಪು, ಅದರ ಮುಂದೆ ಒಂದು ಮುಖ. ಆ ಮುಖವೂ ಕಪ್ಪೇ. ಆದರೆ ಎರಡು ಕಪ್ಪೂ ಒಂದಲ್ಲ. ಬಟ್ಟೆಯ ಕಪ್ಪು ಸುಮ್ಮನೆ ಬಿದ್ದಿತ್ತು, ಮುಖದ ಕಪ್ಪು ಬೆವರಿಗೆ ಮಿರಿಮಿರಿ ಮಿಂಚುತ್ತಿತ್ತು, ಕೆನ್ನೆಯ ಮೂಳೆಯ ಮೇಲೆ ಆಕಾಶದ ಬೆಳಕು ನಿಂತಿತ್ತು. ಬುಟ್ಟಿಯೊಳಗಿನ ಹಣ್ಣು ಹುಳುಗಳ ಹಳದಿ ಗಲ್ಲದ ಕೆಳಗೆ ಒಂದಿಷ್ಟು ತಾಗಿತ್ತು. ಮುಖ ಬಗ್ಗಿ ಹುಳು ಬಿಡಿಸಿತು. ಏನೋ ನೆನೆದು ತನ್ನಷ್ಟಕ್ಕೆ ನಕ್ಕಿತು.

ಅಶ್ವತ್ಥಮ್ಮ ಎದ್ದಳು. ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಇಲ್ಲೇ ನಿಲ್ಸಪ್ಪ."

ಚಿತ್ರ ನಿಂತಿತು. ಸಂಘಮಿತ್ರ ಗಾಬರಿಯಾಗಿ, "ಯಾಕಮ್ಮ, ಸರಿಯಾಗಿ ಬಂದಿಲ್ವಾ?" ಎಂದಳು.

"ಇದು ನಾನಲ್ಲ" ಎಂದಳು ಅಶ್ವತ್ಥಮ್ಮ. ಅಂಬರೀಶನ ಮುಖ ಬಾಡಿತು. ಅವಳು ಅವನ ಕಡೆ ನೋಡಲೇ ಇಲ್ಲ, ಬೆರಳಿಂದ ಪರದೆಯ ಮೇಲಿನ ಕೆನ್ನೆಯನ್ನು ಮುಟ್ಟಿದಳು. "ನಮ್ಮಮ್ಮ ಕಣೇ. ಥೇಟ್ ನಮ್ಮಮ್ಮ. ಹುಳ ಬಿಡೋವಾಗ ಹಿಂಗೇ ಬಗ್ಗೋಳು. ಹಿಂಗೇ ನಗೋಳು."

ಏನೋ ರೇಗಿಸಲು ಹೊರಟಿದ್ದ ಮುನಿನಾರಾಯಣಪ್ಪ ಎದ್ದು ಹತ್ತಿರ ಬಂದರು. ಆ ಮನೆಯಲ್ಲಿ ಅಮ್ಮಾಜಮ್ಮನನ್ನು ಕಂಡಿದ್ದವರು ಅವರಿಬ್ಬರೇ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಹೂಂ ಕಣೇ" ಎಂದರು. "ಅತ್ತೇನೇ."

ಅಶ್ವತ್ಥಮ್ಮ ಅಳುತ್ತಿದ್ದಳು, ಅದನ್ನು ಮುಚ್ಚಿಡಲು ಹೋಗಲಿಲ್ಲ. ಮೇಲೆ ಗೋಡೆಯಲ್ಲಿ ಗುಲಾಬಿ ಕೆನ್ನೆಯವಳು ತನ್ನ ಪಾಡಿಗೆ ಕೂತಿದ್ದಳು. ಅವಳ ಮೇಲಿದ್ದ ಹಳೇ ಸಿಟ್ಟೂ ಈಗ ನೆನಪಾಗಲಿಲ್ಲ.

"ಇದನ್ನೊಂದು ಫೋಟೊ ಮಾಡಿ ಕೊಡ್ತೀಯಾ ಅಂಬರೀಶಪ್ಪ?" ಎಂದಳು. "ಮದುವೆ ಫೋಟೊ ಪಕ್ಕದಲ್ಲೇ ಹಾಕ್ತೀನಿ. ಅವತ್ತು ಸ್ಟುಡಿಯೊದಲ್ಲಿ ಎಷ್ಟು ಕರೆದ್ರೂ ಅಮ್ಮ ಹೊರಗೇ ಕೂತ್ಬಿಟ್ಲು. ಇವತ್ತು ಒಳಗೆ ಬಂದಿದ್ದಾಳೆ."