ಗಾಜಿನ ಮೇಲಿನ ಅಂಗೈ

"ಅದನ್ನ ಒರೆಸಬೇಡಿ!"

ತಂಗಿ ಕೂಗಿದ ರಭಸಕ್ಕೆ ತಂತಿ ಜೋಡಿಸಲು ಬಂದಿದ್ದವನ ಕೈ ಅರ್ಧಕ್ಕೇ ನಿಂತಿತು. ಅವನ ಬೆರಳಲ್ಲಿ ಹಳದಿ ಬಟ್ಟೆಯಿತ್ತು. ಎದುರಿಗೆ, ಇಸ್ತ್ರಿ ಮೇಜಿನ ಮೇಲೆ ನಿಲ್ಲಿಸಿದ ದೊಡ್ಡ ಪರದೆಯ ನಟ್ಟನಡುವೆ, ಒಂದು ಅಂಗೈ ಗುರುತು. ಐದು ಬೆರಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಹೆಬ್ಬೆರಳ ಬುಡದಲ್ಲಿ ಮುಲಾಮು ದಪ್ಪಗೆ ಮೆತ್ತಿಕೊಂಡಿತ್ತು.

"ಚಿತ್ರ ಮಸುಕಾಗುತ್ತೆ ಮೇಡಂ."

"ಆಗಲಿ. ನೋಡೋಳು ನಾನು ತಾನೇ?"

ಅದು ಅಮ್ಮನ ಅಂಗೈ. ಅಕ್ಕ ಆಕಾಶಕ್ಕೆ ಹೋದಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಈ ಪರದೆಯಲ್ಲಿ ಅವಳ ಮುಖ ಮೂಡುತ್ತಿತ್ತು. ಮಾತು ಮುಗಿದಾಗ ಅಕ್ಕ ಅಲ್ಲಿ ಕ್ಯಾಮೆರಾಕ್ಕೆ ಅಂಗೈ ಒಡ್ಡುತ್ತಿದ್ದಳು, ಅಮ್ಮ ಇಲ್ಲಿ ಗಾಜಿಗೆ ತನ್ನ ಅಂಗೈ ಒತ್ತುತ್ತಿದ್ದಳು. ಮೊಣಕಾಲಿಗೆ ಮುಲಾಮು ತಿಕ್ಕಿದ ಕೈ. ತೊಳೆದುಕೋ ಎಂದರೆ, "ನನ್ನ ಮಗಳಿಗಿಲ್ಲದ ಅಸಹ್ಯ ಈ ಗಾಜಿಗೇನೇ?" ಎನ್ನುತ್ತಿದ್ದಳು. ಇದು ಹೋದ ಭಾನುವಾರದ ಗುರುತು. ಶುಕ್ರವಾರ ಬೆಳಗ್ಗೆ ನೀರು ಕುಡಿಯಲು ಎದ್ದ ಅಮ್ಮ, ಇದೇ ಮೇಜಿನ ಕಾಲು ಹಿಡಿದುಕೊಂಡು ಕುಸಿದವಳು, ಮತ್ತೆ ಏಳಲಿಲ್ಲ.

ಇವತ್ತು ಬೆಳಗ್ಗೆ ಅವಳನ್ನು ಮಣ್ಣು ಮಾಡಿದ್ದೂ ಆಯಿತು. ಕಿಟಕಿಗಳಿಗೆ ಕಪ್ಪು ಬಟ್ಟೆ ಹಾಕಿದ ಗಾಡಿ ಬಂದಿತ್ತು. ಅದಕ್ಕೂ ಮೊದಲು, ಅಕ್ಕನನ್ನು ಆಕಾಶಕ್ಕೆ ಕಳಿಸಿದ ಇಲಾಖೆಯವರು ಮನೆಮನೆಗೆ ಹೋಗಿ ಹೇಳಿದ್ದರು: ಗುಂಪು ಸೇರಬೇಡಿ, ಫೋಟೋ ತೆಗೆಯಬೇಡಿ, ದನಿ ತೆಗೆದು ಅಳಬೇಡಿ. ಇಡೀ ಬೀದಿಯ ಬಟ್ಟೆಯ ಸುಕ್ಕು ಬಿಡಿಸಿದವಳಿಗಾಗಿ ಬೀದಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಿತು. ಬಾಗಿಲು ಇಕ್ಕಟ್ಟು. ಹೆಣವನ್ನು ನೇರವಾಗಿ ತರಲಾಗದೆ ಓರೆ ಮಾಡಬೇಕಾಯಿತು. "ನಿಧಾನ, ಮೂಲೆ ತಾಗುತ್ತೆ" ಎಂದಿದ್ದ ಹೊತ್ತವರಲ್ಲೊಬ್ಬ, ಮನೆ ಖಾಲಿ ಮಾಡುವಾಗ ಬೀರು ಸಾಗಿಸುವವರ ಹಾಗೆ.

"ನೋಡಮ್ಮಾ, ಇನ್ನೊಂದ್ಸಲ ಹೇಳಿಬಿಡ್ತೀನಿ," ಎಂದ ಇಲಾಖೆಯ ಅಧಿಕಾರಿ. ಬಾಗದ ಬೆನ್ನು, ಸುಕ್ಕಿಲ್ಲದ ಅಂಗಿ. ಅಮ್ಮ ಮೊದಲ ದಿನವೇ ಅವನಿಗೆ ಗಂಜಿ ಸಾಹೇಬ್ರು ಎಂದು ಹೆಸರಿಟ್ಟಿದ್ದಳು. "ಅಂಗಿಗೆ ಹಾಕೋ ಗಂಜೀನ ಈ ಮನುಷ್ಯ ಕುಡಿದುಬಿಟ್ಟಿದಾನೆ ಕಣೇ" ಎಂದು ನಕ್ಕಿದ್ದಳು. "ಅಮ್ಮಂಗೆ ಗಂಟಲು ಕಟ್ಟಿದೆ. ಡಾಕ್ಟರು ಮಾತಾಡಬೇಡಿ ಅಂದಿದಾರೆ. ಒಳಗೆ ಮಲಗಿದಾರೆ. ಇಷ್ಟೇ. ಇನ್ನೇನೂ ಪೋಣಿಸೋಕೆ ಹೋಗಬೇಡಿ."

"ಒಳಗೆ ಅಂದ್ರೆ ಎಲ್ಲಿ ಸಾರ್? ಇರೋದೇ ಒಂದು ಕೋಣೆ. ಅಕ್ಕ ಹುಟ್ಟಿ ಬೆಳೆದಿದ್ದೂ ಇಲ್ಲೇ."

ಗಂಜಿ ಸಾಹೇಬ ಸುತ್ತ ನೋಡಿದ. "ಹಾಗಾದ್ರೆ ಪಕ್ಕದ ಮನೇಲಿ ಅನ್ನಿ."

"ಏನೇ ಆದ್ರೂ ನನಗೆ ಹೇಳಿ ಅಂತ ಅವಳೇ ಹೇಳಿದಾಳಲ್ಲ ಸಾರ್. ಹೋಗೋಕೆ ಮುಂಚೆ ನೀವೇ ಕೇಳಿದ್ರಿ, ನಿಮ್ಮ ಮುಂದೇನೇ ಹೇಳಿದ್ಲು."

"ಹೇಳ್ತೀವಿ. ಹೇಳಲ್ಲ ಅಂದ್ವಾ? ನಾಳೆ ಒಂದು ಕಳೀಲಿ. ನಾಳೆ ಅವರು ನೌಕೆಯಿಂದ ಹೊರಗೆ ಬರ್ತಾರೆ. ನಮ್ಮ ದೇಶದ ಹೆಣ್ಣುಮಗಳೊಬ್ಬಳು ಅಲ್ಲಿ ಬಾಗಿಲು ದಾಟೋದು ಇದೇ ಮೊದಲು. ದೇಶವೇ ಟಿವಿ ಮುಂದೆ ಕೂತಿರುತ್ತೆ."

"ಒಂದು ವಾರ ಮುಂದಕ್ಕೆ ಹಾಕಿ."

"ದೊಡ್ಡವರ ಭಾಷಣ ನಾಳೆಗೇ ನಿಗದಿಯಾಗಿದೆಯಮ್ಮಾ." ಆಮೇಲೆ ಅವನ ದನಿ ಇಳಿಯಿತು. "ಈಗ ಹೇಳಿಬಿಡಿ. ನಾಳೆ ಅಲ್ಲಿ ಅವರ ಕೈ ನಡುಗಿದ್ರೆ? ಆ ಹೆಲ್ಮೆಟ್ಟಿನೊಳಗೆ ಕಣ್ಣೀರು ಬಂದ್ರೆ ಒರೆಸಿಕೊಳ್ಳೋಕೂ ಆಗಲ್ಲ. ಒಂದು ಹೆಣ ಸಾಲದಾ ನಿಮಗೆ?"

ಎರಡು ದಿನದಿಂದ ತಂಗಿಯನ್ನು ಒಳಗೊಳಗೇ ಕೊರೆಯುತ್ತಿದ್ದುದೂ ಅದೇ ಮಾತು.

ಅಕ್ಕನ ಕೈ ನಡುಗುತ್ತದೆ ಎಂದು ಇಲಾಖೆ ಮೊದಲಿನಿಂದಲೂ ಹೇಳುತ್ತಲೇ ಬಂದಿತ್ತು. ಇಸ್ತ್ರಿ ಮೇಜಿನ ಕೆಳಗೆ ಕೂತು ಲೆಕ್ಕ ಬಿಡಿಸಿದ ಹುಡುಗಿ ವಿಮಾನದ ಎಂಜಿನ್ ಬಿಚ್ಚಲು ಕಲಿತಳು, ಆಮೇಲೆ ವಿಮಾನವನ್ನೇ ಹಾರಿಸಿದಳು. ಅಲ್ಲಿಂದ ಮೇಲೆ ಹೋಗುತ್ತೇನೆ ಎಂದಾಗ ಮೊದಲು ಎತ್ತರ ಸಾಲದು ಎಂದರು. ಆಮೇಲೆ ಅವಳ ಅಳತೆಯ ಉಡುಪೇ ಇಲ್ಲ ಎಂದರು. ಆಮೇಲೆ, ನಾಳೆ ಮದುವೆಯಾಗಿ ಹೋಗುವವಳಿಗೆ ಇಷ್ಟು ಖರ್ಚು ಯಾಕೆ ಎಂದರು. ಗಿರಗಿರ ತಿರುಗಿಸುವ ಯಂತ್ರದಿಂದ ಇಳಿದು ಗಂಡಸರು ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದರೆ ಇವಳು ನೆಟ್ಟಗೆ ನಡೆದು ಬರುತ್ತಿದ್ದಳು. ಆದರೂ ವರ್ಷಗಟ್ಟಲೆ ಬದಲಿ ಆಳು. ಫೋಟೋ ಹೊತ್ತಿಗೆ ಮಾತ್ರ ಮುಂದಿನ ಸಾಲು. ಕೊನೆಗೆ ಅವಳ ಸರದಿ ಬಂದಾಗ ಈ ಮನೆಗೂ ಬಣ್ಣ ಬಂತು, ಬೀದಿಗೆ ಕಾಣುವ ಗೋಡೆಗೆ. ಮಿಕ್ಕ ಮೂರು ಗೋಡೆಗಳು ದೇಶದ ಲೆಕ್ಕಕ್ಕೆ ಸೇರಲಿಲ್ಲ.

ಹೊರಡುವ ಮುನ್ನ ಅವಳನ್ನು ಗಾಜಿನ ಕೋಣೆಯಲ್ಲಿ ಇಟ್ಟಿದ್ದರು, ಯಾರ ಕೆಮ್ಮು ನೆಗಡಿಯೂ ತಾಗದಿರಲೆಂದು. ಗಾಜಿನ ಈಚೆಗೆ ತಂಗಿ, ಆಚೆಗೆ ಅಕ್ಕ, ನಡುವೆ ಫೋನು.

"ಮನೇಲಿ ಏನಾದ್ರೂ ಆದ್ರೆ ಹೇಳಬೇಕಾ ಬೇಡ್ವಾ ಅಂತ ಕೇಳಿದ್ರು ಕಣೇ. ಹೇಳಿ ಅಂದೆ. ಆದ್ರೆ ನಾನು ಇವರನ್ನ ನಂಬಲ್ಲ. ಯಾರು ಮುಚ್ಚಿಟ್ರೂ ನೀನು ಮುಚ್ಚಿಡಬೇಡ. ಬುತ್ತಿ ನೆನಪಿದೆ ತಾನೇ?"

ನೆನಪಿರದೆ ಏನು? ಇಬ್ಬರೂ ಚಿಕ್ಕವರಿದ್ದಾಗ ಅಪ್ಪ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಸತ್ತಿದ್ದ. ಸರಕು ಸಾಗುವವರೆಗೆ ಕೆಲಸ ನಿಲ್ಲಬಾರದೆಂದು ಕಾರ್ಖಾನೆಯವರು ಸುದ್ದಿಯನ್ನು ಗೇಟಿನೊಳಗೇ ಇಟ್ಟುಕೊಂಡರು. ಹೆಚ್ಚುವರಿ ಪಾಳಿ, ಒಳಗೇ ಮಲಗುತ್ತಾನೆ, ಎಂದು ಹೇಳಿ ಕಳಿಸಿದರು. ಅಮ್ಮ ಎರಡು ದಿನ ಬುತ್ತಿ ಕಟ್ಟಿದಳು. ಹೊತ್ತುಕೊಂಡು ಹೋದವಳು ಅಕ್ಕ. ಗೇಟಿನವನು ಡಬ್ಬಿ ಈಸಿಕೊಳ್ಳುತ್ತಿದ್ದ, ಸಂಜೆಗೆ ತೊಳೆದು ವಾಪಸು ಕೊಡುತ್ತಿದ್ದ. "ಅಪ್ಪ ಎಲ್ಲಾ ತಿಂದ್ರಾ?" ಎಂದು ಅಕ್ಕ ಕೇಳಿದರೆ, "ಒಂದಗುಳೂ ಬಿಟ್ಟಿಲ್ಲ ಮಗಾ" ಎನ್ನುತ್ತಿದ್ದ.

"ಬಂತು, ಬಂತು," ಎಂದ ತಂತಿಯವನು.

ಪರದೆ ಬೆಳಗಿತು. ಅಮ್ಮನ ಬೆರಳುಗಳ ಹಿಂದೆ ಅಕ್ಕನ ಮುಖ ಮೂಡಿತು, ಊದಿದ ಕೆನ್ನೆ, ನೆಟ್ಟಗೆ ನಿಂತ ಕೂದಲು. ಪಕ್ಕದ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಅದು ಉರಿಯುತ್ತಿರುವಷ್ಟು ಹೊತ್ತು ಇಲ್ಲಿನ ಮಾತು ಮೇಲಕ್ಕೆ ಹೋಗುತ್ತದೆ. "ಆರಿಸಪ್ಪಾ ಅದನ್ನ, ಅವಳನ್ನ ಸ್ವಲ್ಪ ಬೈಕೋತೀನಿ" ಎಂದು ಅಮ್ಮ ಒಮ್ಮೆ ತಂತಿಯವನನ್ನು ನಗಿಸಿದ್ದಳು.

"ಏನೇ ಕೋತಿ! ಎಲ್ಲೇ ನಮ್ಮ ಮುದುಕಿ?"

"ಗಂಟಲು ಕಟ್ಟಿದೆ ಅಕ್ಕಾ." ತಂಗಿಗೆ ತನ್ನ ದನಿ ಬೇರೆ ಯಾರದೋ ಅನಿಸಿತು. "ಮಾತಾಡಬಾರದಂತೆ. ಪಕ್ಕದ ಮನೇಲಿ ಮಲಗಿದಾಳೆ."

"ಮಾತಾಡಬಾರದಾ? ಅಮ್ಮನಾ? ಆ ಡಾಕ್ಟರಿಗೊಂದು ಪದಕ ಕೊಡಿಸಬೇಕು ಕಣೇ!" ಅಕ್ಕ ನಕ್ಕಳು. ನಗುವಾಗ ದೇಹ ಮೆಲ್ಲಗೆ ಹಿಂದಕ್ಕೆ ತೇಲಿತು, ಗೋಡೆಯ ಹಿಡಿಯೊಂದನ್ನು ಹಿಡಿದು ಹತ್ತಿರ ಬಂದಳು. "ನಾಳೆ ಹೊರಗೆ ಹೋಗ್ತೀನಿ. ಕಾಲಿಡ್ತೀನಿ ಅನ್ನೋ ಹಾಗೂ ಇಲ್ಲ, ಇಡೋಕೆ ನೆಲ ಬೇಕಲ್ಲ. ಅಮ್ಮನ ಆ ಇಸ್ತ್ರಿಪೆಟ್ಟಿಗೆ ಇಲ್ಲಿದ್ದಿದ್ರೆ ಒಂದು ಬೆರಳಲ್ಲಿ ಎತ್ತಿಬಿಡ್ತಿದ್ಲು. ಕೈನೋವು ಅನ್ನೋದೇ ಇರ್ತಿರಲಿಲ್ಲ ಅವಳಿಗೆ." ತುಸು ತಡೆದು ಕೇಳಿದಳು: "ಊಟ ಮಾಡಿದ್ಲಾ?"

ಗಂಜಿ ಸಾಹೇಬ ತಲೆಯಾಡಿಸಿದ. ಹೌದು ಅನ್ನು ಎಂದು.

"ಮಾಡಿದ್ಲು," ಎಂದಳು ತಂಗಿ.

"ಸರಿಯಾಗಿ ತಿಂದ್ಲಾ? ಗಂಟಲು ನೋವು ಅಂತ ಬಿಟ್ಟುಬಿಟ್ಲಾ?"

"ಎಲ್ಲಾ ತಿಂದ್ಲು. ಒಂದಗುಳೂ—"

ಮಾತು ನಾಲಿಗೆಯ ಮೇಲೇ ಸುಟ್ಟಿತು. ತೊಳೆದ ಡಬ್ಬಿಯ ತಣ್ಣನೆಯ ಹಿಡಿ ಅಂಗೈಗೆ ತಾಗಿದ ಹಾಗಾಯಿತು. ಈಗ ಗೇಟಿನವನ ಜಾಗದಲ್ಲಿ ನಿಂತವಳು ತಾನು. ಡಬ್ಬಿ ಹಿಡಿದು ಆಚೆ ನಿಂತವಳು ಅದೇ ಅಕ್ಕ, ಅದೇ ನಂಬುವ ಕಣ್ಣು.

"ಇಲ್ಲ ಅಕ್ಕಾ. ಸುಳ್ಳು. ಅಮ್ಮ ಶುಕ್ರವಾರ—"

ಹಸಿರು ದೀಪ ಆರಿತು.

"—ತೀರಿಹೋದ್ಲು ಅಕ್ಕಾ. ಅಮ್ಮ ಇಲ್ಲ. ಕೇಳಿಸ್ತಾ? ಇವತ್ತು ಬೆಳಗ್ಗೆ ಮಣ್ಣು ಮಾಡಿಬಿಟ್ರು. ಅಕ್ಕಾ!"

ಅಕ್ಕ ಹುಬ್ಬುಗಂಟಿಕ್ಕಿದಳು. ಕಿವಿ ತಟ್ಟಿಕೊಂಡಳು. "ಶುಕ್ರವಾರ ಏನೇ? ಕೇಳಿಸ್ತಾ ಇಲ್ಲ. ಮತ್ತೆ ಹೋಯ್ತು ನೋಡು ಇವರ ಲೈನು. ಬಾಯಿ ಮಾತ್ರ ಮೀನಿನ ಹಾಗೆ ಆಡ್ತಿದೆ ನಿಂದು."

"ಹಾಕಿ ಅದನ್ನ!" ತಂಗಿ ತಂತಿಯವನ ಕಡೆ ತಿರುಗಿದಳು. ಅವನು ತನ್ನ ಬೂಟುಗಳನ್ನು ನೋಡುತ್ತಿದ್ದ. ಪೆಟ್ಟಿಗೆಗೂ ಅವಳಿಗೂ ನಡುವೆ ಗಂಜಿ ಸಾಹೇಬ ಬಂದು ನಿಂತಿದ್ದ, ಎಂದಿನಂತೆ ನೆಟ್ಟಗೆ. ಅವಳು ಅವನ ಎದೆಗೆ ಕೈಯಿಟ್ಟು ತಳ್ಳಿದಳು. ಅಂಗಿ ಸುಕ್ಕಾಯಿತು. ಅವನು ಕದಲಲಿಲ್ಲ.

"ಯಾಕೇ ಅಳ್ತೀಯ ಹುಚ್ಚಿ?" ಮೇಲಿನಿಂದ ಅಕ್ಕನ ದನಿ ಮಾತ್ರ ಸ್ಪಷ್ಟವಾಗಿ ಇಳಿದು ಬರುತ್ತಲೇ ಇತ್ತು. "ನಾಳೆಗೆ ಹೆದರಿಕೊಂಡ್ಯಾ? ನನಗೇನಾಗಲ್ಲ ಕಣೇ. ಹಗ್ಗ ಕಟ್ಟಿರ್ತಾರೆ, ದನಕ್ಕೆ ಕಟ್ಟೋ ಹಾಗೆ. ನೋಡಿಲ್ಲಿ." ಅವಳು ಮಂಡಿ ಮಡಚಿ ಒಂದು ಲಾಗ ಹಾಕಿದಳು, ಅಮ್ಮನನ್ನು ನಗಿಸಲೆಂದು ಹಾಕುತ್ತಿದ್ದ ಲಾಗ. ತಲೆಕೆಳಗಾಗಿ ನಿಂತೇ ಮುಂದುವರಿಸಿದಳು. "ಅಮ್ಮಂಗೆ ಹೇಳು, ಟಿವಿ ತಪ್ಪಿಸಬೇಡ ಅಂತ. ಹೊರಗೆ ಇಬ್ಬರಿರ್ತೀವಿ, ಆ ಉಡುಪಿನಲ್ಲಿ ಯಾರು ಯಾರೂಂತ ಗೊತ್ತಾಗಲ್ಲ. ಎಡಗೈ ಬೀಸ್ತೀನಿ. ಎಡಗೈ ಬೀಸೋಳು ನಾನು. ಹೇಳ್ತೀಯಲ್ಲ?"

ತಂಗಿ ಪರದೆಯ ಮುಂದೆ ಮಂಡಿಯೂರಿ ಹೇಳುತ್ತಲೇ ಇದ್ದಳು. ಅಮ್ಮ ಇಲ್ಲ, ಅಮ್ಮ ಇಲ್ಲ. ಕೋಣೆಯಲ್ಲಿದ್ದ ಇಬ್ಬರಿಗೂ ಅದು ಕೇಳುತ್ತಿತ್ತು.

ಅಕ್ಕ ನೆಟ್ಟಗಾಗಿ ಅಂಗೈ ಮುಂದೆ ಚಾಚಿದಳು. ಅಮ್ಮನ ಗುರುತಿನ ಹಿಂದೆ ಅವಳ ಅಂಗೈ ಬೆಳೆದು ಬಂದು ನಿಂತಿತು. ತಂಗಿ ಕೈಯೆತ್ತಿದಳು, ತಡೆದಳು. ತನ್ನದನ್ನು ಒತ್ತಿದರೆ ಅಮ್ಮನದು ಅಳಿಸಿಹೋಗುತ್ತದೆ. ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು. ಅಕ್ಕ ಎಂದಿಗಿಂತ ಹೆಚ್ಚು ಹೊತ್ತು ಕಾದಳು. ಆಮೇಲೆ ಚಿತ್ರ ಹೋಯಿತು.

ಗಂಜಿ ಸಾಹೇಬ ಅಂಗಿಯ ಎದೆಯ ಮೇಲೆ ಎರಡು ಸಲ ಕೈ ಎಳೆದುಕೊಂಡ. "ಬುಧವಾರ ನಾವೇ ತಿಳಿಸ್ತೀವಿ," ಎಂದ. "ಮನಶ್ಶಾಸ್ತ್ರಜ್ಞರು ಇರ್ತಾರೆ."

ನಾಳಿನ ನೇರಪ್ರಸಾರಕ್ಕೆ ಪರದೆ ದೊಡ್ಡ ಸಭಾಂಗಣಕ್ಕೆ ಹೋಗಬೇಕಿತ್ತು. ತಂತಿಗಳನ್ನು ಸುತ್ತಿಕೊಂಡು ಇಬ್ಬರೂ ಅದನ್ನು ಎತ್ತಿದರು. ಬಾಗಿಲಲ್ಲಿ ನೇರವಾಗಿ ಹಿಡಿಸಲಿಲ್ಲ, ಓರೆ ಮಾಡಿದರು.

"ನಿಧಾನ," ಎಂದ ಗಂಜಿ ಸಾಹೇಬ, "ಮೂಲೆ ತಾಗುತ್ತೆ."

ಹೊಸಿಲಿನಾಚೆ ಬಿಸಿಲು ಗಾಜಿಗೆ ಬಿತ್ತು. ಕಪ್ಪು ಪರದೆಯ ಮೇಲೆ ಐದು ಬೆರಳು, ಹೆಬ್ಬೆರಳ ಬುಡದ ಮುಲಾಮು, ಅಂಗೈಯ ಗೆರೆಗಳು ಕೂಡ, ಒಂದು ಕ್ಷಣ ಬೆಳ್ಳಗೆ ಎದ್ದು ಕಂಡವು. ಬೀದಿಯಲ್ಲಿ ಬೆಳಗಿನ ಅದೇ ಗಾಡಿ ಹಿಂಬಾಗಿಲು ತೆರೆದುಕೊಂಡು ನಿಂತಿತ್ತು.