ಕನ್ನಡಿ ನೋಡಿ ಮಾಡಿದ ಪಾಯಿಂಟು

“ಗಡ್ಡ ತೆಗೆಸೋಕೆ ಬಂದವರ ತಲೆ ಒಡೀತೀಯಲ್ಲೋ, ಇದೇನು ಸಲೂನೋ, ಕಸಾಯಿಖಾನೆಯೋ?” ಅಣ್ಣ ಕತ್ತರಿಯನ್ನು ಕುಕ್ಕಿ ಇಟ್ಟ.

“ಒಡೆದಿಲ್ಲ. ಸವರಿಕೊಂಡು ಹೋಗಿದೆ, ಅಷ್ಟೆ.”

“ಸವರೋಕೆ ಅಲ್ಲಿ ಕೂದಲಾದ್ರೂ ಇರಬೇಕಲ್ಲಪ್ಪ!” ಎಂದು ಬೆಂಚಿನ ಮೇಲಿಂದ ಬೋಳಯ್ಯ ಕೂಗಿದ. ಇಡೀ ಬೀದಿ ಅವನನ್ನು ಕರೆಯುವುದೇ ಹಾಗೆ. ಒಂದು ಕೈಯಲ್ಲಿ ತಲೆ ಹಿಡಿದುಕೊಂಡಿದ್ದ, ಇನ್ನೊಂದರಲ್ಲಿ ಮೇಲಿಂದ ಬಿದ್ದ ನನ್ನ ಆಟಿಕೆ ರೈಲಿನ ಎಂಜಿನ್ನು.

“ಇದು ಎರಡನೇ ಸಲ,” ಎಂದ ಅಣ್ಣ. “ವಾರದ ರಜೆ ದಿನ ಬಂದು ನೋಡ್ತೀನಿ. ರೈಲು ಬೀಳದ ಹಾಗೆ ಮಾಡಿರಬೇಕು. ಇಲ್ಲಾಂದ್ರೆ ಹಲಗೆ ಕಿತ್ತು ಬಿಸಾಕ್ತೀನಿ.”

“ಕಿತ್ತು ಹಾಕು! ನಾನೂ ಬೇರೆ ಅಂಗಡಿ ನೋಡ್ಕೋತೀನಿ!” ಎಂದು ನಾನು ರೇಗಿದೆ.

“ನೋಡ್ಕೊ ಹೋಗು. ನಿನ್ನ ಬಾಯಿಗೆ ಯಾವ ಗಿರಾಕಿ ನಿಲ್ತಾನೋ ನಾನೂ ನೋಡ್ತೀನಿ.”

ನಮ್ಮ ಸಲೂನಿನಲ್ಲಿ ಒಂದು ಗೋಡೆಗೆ ಕನ್ನಡಿಗಳು, ಅದರ ಮುಂದೆ ಮೂರು ಕುರ್ಚಿ. ಎದುರು ಗೋಡೆಗೆ ಕಾಯುವವರ ಬೆಂಚು. ಬೆಂಚಿನ ಮೇಲೆ, ಕೈಗೆಟುಕದಷ್ಟು ಎತ್ತರದಲ್ಲಿ, ನಾನು ಹಲಗೆ ಹೊಡೆದು ಪುಟ್ಟ ರೈಲು ಓಡಿಸುತ್ತಿದ್ದೆ. ಗಡ್ಡ ತೆಗೆಸಿಕೊಳ್ಳುವವರಿಗೆ ಅದು ಕನ್ನಡಿಯಲ್ಲಿ ಕಾಣುತ್ತಿತ್ತು. ಬೆಳಗ್ಗಿನಿಂದ ಸಂಜೆಯವರೆಗೆ ಕಂಡವರ ತಲೆಯನ್ನೇ ನೋಡುವವನಿಗೆ, ತನ್ನ ತಲೆ ಎತ್ತಿ ನೋಡುವುದಕ್ಕೂ ಏನಾದರೊಂದು ಬೇಡವೇ? ಅಣ್ಣನಿಗೆ ಅದು ಬರೀ ಹುಚ್ಚಾಟ. ಆದರೂ ಗೋಡೆಗೆ ಮೊಳೆ ಹೊಡೆದ ದಿನ ಏಣಿ ಹಿಡಿದು ನಿಂತವನು ಅವನೇ.

ರೈಲು ಬೀಳುತ್ತಿದ್ದುದು ಒಂದೇ ಜಾಗದಲ್ಲಿ. ಗೋಡೆಯ ನಡುವಿನ ಕಂಬದ ಬಳಿ ಹಳಿ ಎರಡಾಗುತ್ತದೆ. ಒಂದು ನೇರ ಹೋಗುತ್ತದೆ, ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಹೀಗೆ ದಾರಿ ಬದಲಿಸುವ ಜಾಗಕ್ಕೆ ಪಾಯಿಂಟು ಅನ್ನುತ್ತಾರೆ. ಅಂಗಡಿಯಿಂದ ತಂದ ಪಾಯಿಂಟಿನ ತಿರುವು ಗಿಡ್ಡ. ಎಂಜಿನ್ನು ಅಲ್ಲಿ ಮುಗ್ಗರಿಸುತ್ತಿತ್ತು.

“ಕೈಯಲ್ಲೇ ಮಾಡೋಣ ಬಿಡು,” ಎಂದ ಪಕ್ಕದ ಅಂಗಡಿಯ ದವಡೆ. ಕಟ್ಟುಹಲ್ಲು ಮಾಡುವವನು, ಅದಕ್ಕೇ ಆ ಹೆಸರು. “ಬಾಯಿ ನೋಡಿ ಅಚ್ಚು ತೆಗೀದೆ ಹಲ್ಲು ಕೂರುತ್ತಾ? ಹಳೀನೂ ಹಾಗೇ. ಜಾಗ ನೋಡಿ ನಕ್ಷೆ ಬರ್ಕೊಂಡು ಬಾ.”

ಬರೆದುಕೊಂಡು ಹೋದೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನ ಮೇಜಿನ ಮೇಲೆ ಕೆಲಸ. ಅವನು ತಾಮ್ರದ ಪಟ್ಟಿಗಳ ಮೇಲೆ ಹಳಿಗಳನ್ನಿಟ್ಟು ಬೆಸುಗೆ ಹಾಕಿದ. ಆಚೀಚೆ ಸರಿಯುವ ಎರಡು ತುಂಡುಗಳ ತುದಿ ಉಜ್ಜುವುದು ನನ್ನ ಪಾಲು. ಅವು ಪಕ್ಕದ ಹಳಿಗೆ ಅಂಟಿ ಕೂರಬೇಕು, ಚೂರು ತಡೆದರೂ ಚಕ್ರ ಹತ್ತಿಬಿಡುತ್ತದೆ. ಅರ ಹಾಕುವುದು, ಹೆಬ್ಬೆರಳಲ್ಲಿ ಎದುರು ಸವರಿ ನೋಡುವುದು, ಮತ್ತೆ ಅರ ಹಾಕುವುದು. ನುಣ್ಣಗೆ ಬೋಳಿಸಿದ ಕೆನ್ನೆಯನ್ನು ಎದುರು ಸವರಿ ನೋಡಲು ಕಲಿಸಿದವನು ಅಣ್ಣ. ಅವನ ಮೇಲೆ ಉರಿಯುತ್ತಲೇ ಅವನು ಕಲಿಸಿದ್ದನ್ನು ಮಾಡುತ್ತಿದ್ದೆ. ಕೊನೆಗೆ ದವಡೆ ರೈಲಿನ ಒಂದು ಡಬ್ಬಿಯನ್ನು ಅದರ ಮೇಲಿಟ್ಟು ಬೆರಳಲ್ಲಿ ನೂಕಿದ. ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಇಬ್ಬರೂ ಕುಣಿಯುವುದೊಂದು ಬಾಕಿ.

ರಜೆ ದಿನ ಅಣ್ಣ ಬಂದು ತನ್ನ ಕುರ್ಚಿಯಲ್ಲಿ ಕೂತ. ಬಾಗಿಲ ಪಕ್ಕದ ಮೂಲೆಯ ಕುರ್ಚಿ ಅವನದು. ದವಡೆಯೂ ನೋಡಲು ಬಂದಿದ್ದ. ನಾನು ಏಣಿ ಹತ್ತಿ ಪಾಯಿಂಟನ್ನು ಹಲಗೆಯ ಮೇಲೆ ಇಟ್ಟೆ. ಇಟ್ಟವನು ಹಾಗೇ ನಿಂತುಬಿಟ್ಟೆ. ಗೋಡೆಯ ಕಡೆಗೆ ತಿರುಗಬೇಕಾದ ಹಳಿ, ಕೋಣೆಯ ಕಡೆಗೆ, ಗಾಳಿಗೆ ಮೂತಿ ಚಾಚಿತ್ತು.

“ಎಡಕ್ಕೆ ತಿರುಗೋದನ್ನ ಬಲಕ್ಕೆ ಮಾಡಿದೀಯಲ್ಲೋ ದವಡೆ!”

“ನಿನ್ನ ನಕ್ಷೆ ಹೇಗಿತ್ತೋ ಹಾಗೇ ಮಾಡಿದೀನಿ! ನೀನು ಎಲ್ಲಿ ನಿಂತು ಬರೆದೆ?”

ಎಲ್ಲಿ ನಿಂತು ಅಂದರೆ? ಗಿರಾಕಿಯ ಹಿಂದೆ, ದಿನಾ ನಿಲ್ಲುವಲ್ಲೇ ನಿಂತು, ದಿನಾ ನೋಡುವಂತೆ ಕನ್ನಡಿ ನೋಡಿ ಬರೆದಿದ್ದೆ.

ದವಡೆ ಹೊಟ್ಟೆ ಹಿಡಿದು ನಗತೊಡಗಿದ. ನನಗೆ ಅದನ್ನು ನೆಲಕ್ಕೆ ಬಡಿಯುವಷ್ಟು ಸಿಟ್ಟು. ಅಣ್ಣ ಈಗ ಹಲಗೆ ಕೀಳುತ್ತಾನೆ, ರೈಲಿನ ಕಥೆ ಮುಗಿಯಿತು ಎಂದುಕೊಂಡೆ.

ಅಣ್ಣ ಎದ್ದು ಬಂದ. ಮಂಡಿ ನೋವಿಗೆ ಒಂದು ಕೈ ತೊಡೆಯ ಮೇಲೆ. ಏಣಿಯ ಕೆಳಗೆ ನಿಂತು ಪಾಯಿಂಟು ನೋಡಿದ, ಅದು ಮೂತಿ ಮಾಡಿದ್ದ ಕಡೆ ನೋಡಿದ.

“ಇದನ್ಯಾಕೆ ಕೀಳ್ತೀಯಾ? ಹಾಗೇ ಮುಂದಕ್ಕೆ ಒಂದು ಹಲಗೆ ಹಾಕು, ಆ ಮೂಲೆವರೆಗೂ.”

“ಆ ಮೂಲೇಲಿ ನಿನ್ನ ಕುರ್ಚಿ ಇದೆಯಲ್ಲ. ಹಲಗೆಗೆ ಕೆಳಗಿಂದ ಕಂಬ ಕೊಡಬೇಕು.”

“ಕುರ್ಚಿ ತೆಗಿ. ಕೆಳಗೆ ಯಾರೂ ಕೂರೋದಿಲ್ಲ. ಬಿದ್ರೂ ಯಾರ ತಲೆಗೂ ಬೀಳಲ್ಲ.”

“ನೀನೆಲ್ಲಿ ನಿಲ್ತೀಯಾ?”

“ನಿಲ್ಲೋಕೆ ಆಗೋದಿಲ್ಲ ಅಂತಾನೇ ಕಣೋ ಹೇಳ್ತಿರೋದು. ನಿಮ್ಮ ಅತ್ತಿಗೆ ಮನೇಲಿರು ಅಂತ ತಲೆ ತಿಂತಾ ಇದಾಳೆ. ಕೆಲಸ ಸುಮ್ನೆ ಬಿಟ್ಟು ಹೋಗೋಕೆ ನನಗೂ ಮನಸ್ಸು ಬರ್ತಿರಲಿಲ್ಲ.”

ಮಧ್ಯಾಹ್ನದೊಳಗೆ ನಾವು ಮೂವರೂ ಸೇರಿ ಕುರ್ಚಿಯನ್ನು ಹಿಂದಿನ ಕೋಣೆಗೆ ಸಾಗಿಸಿದೆವು. ಕಂಬ ನಿಲ್ಲಿಸಿ ಹಲಗೆ ಹಾಕಿ ಹಳಿ ಜೋಡಿಸಿದೆವು. ಎಂಜಿನ್ನು ಪಾಯಿಂಟಿನ ಮೇಲೆ ಬಂದು, ಸದ್ದಿಲ್ಲದೆ ತಿರುಗಿ, ಅಣ್ಣ ಇಷ್ಟು ವರ್ಷ ನಿಂತಿದ್ದ ಜಾಗದ ಮೇಲೆ ಹೋಗಿ ನಿಂತಿತು.

ನನ್ನನ್ನು ಕೈ ಹಿಡಿದು ಈ ಕಸುಬಿಗೆ ತಂದವನು ಅವನು. ನಾನು ಗಿರಾಕಿಗಳ ಮೇಲೆ ರೇಗಿದಾಗಲೆಲ್ಲ ಅವರನ್ನು ಸಮಾಧಾನ ಮಾಡಿ ಕೂರಿಸಿದವನೂ ಅವನೇ. ನನ್ನ ಬಾಯಲ್ಲಿ ಒಳ್ಳೆ ಮಾತು ಸುಲಭಕ್ಕೆ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ: ಅವನ ಋಣ ದೊಡ್ಡದು. ಆ ಹೊತ್ತಿನಲ್ಲಿ ನನ್ನಿಂದ ಬಂದದ್ದು ಇಷ್ಟೇ: “ಕೂತ್ಕೋ ಮಾರಾಯ, ಇನ್ನೊಂದು ಸಲ ಓಡಿಸ್ತೀನಿ.”

“ಓಡಿಸು, ಓಡಿಸು. ನಿನ್ನನ್ನ ಇನ್ನು ಹಿಡಿಯೋರು ಯಾರು!”

ತನ್ನ ಬಾಚಣಿಗೆಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ಬಾಗಿಲಲ್ಲಿ ಒಮ್ಮೆ ನಿಂತು, ಕನ್ನಡಿಯನ್ನಲ್ಲ, ಹಲಗೆಯನ್ನೇ ನೋಡಿದ. ರೈಲು ಆ ಮೂಲೆಗೆ ಹೋಗಿ ಹಿಂದಿರುಗುವಷ್ಟರಲ್ಲಿ ಬೀದಿಗಿಳಿದು ನಡೆದಿದ್ದ. ಕೆಲಸಕ್ಕೆಂದು ಅವನು ಮತ್ತೆ ಆ ಬಾಗಿಲು ದಾಟಿ ಬರಲಿಲ್ಲ.